ಮುಪ್ಪಿನ ಕಾಲಕ್ಕೆ ನಮ್ಮೂರು ಸಜ್ಜಾಗಿದೆಯೇ?

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ಸದಸ್ಯರೂ ನಿವೃತ್ತ ಆರೋಗ್ಯ ಸಹಾಯಕರೂ ಆದ ಹಿರಿಯರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ನಾಲ್ಕು ಮಾತನಾಡಲು ನನಗೆ ಅವಕಾಶ ಕೊಟ್ಟಿದ್ದೀರಿ. ಅದಕ್ಕಾಗಿ ಮೊದಲು ಕೃತಜ್ಞತೆ. ನಾನು ಭಾಷಣಕಾರನಲ್ಲ. ಆರೋಗ್ಯ ಇಲಾಖೆಯಲ್ಲಿ ಸಹಾಯಕನಾಗಿ ಊರೂರು ಸುತ್ತಿದವನು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ್ದೇನೆ, ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆದಿದ್ದೇನೆ. ಈಗ ನಿವೃತ್ತನಾಗಿ ಎರಡು ಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ನಿಮ್ಮ ಜೊತೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವವನು.

ಇಂಥ ಹಬ್ಬದ ಹೊತ್ತಿನಲ್ಲಿ ಮುಪ್ಪಿನ ವಿಷಯ ಯಾಕೆ ಎತ್ತುತ್ತೀರಿ ಎಂದು ಒಬ್ಬಿಬ್ಬರು ಕೇಳಿದರು. ಕಾರಣ ಇದೆ. ಸಂಘ ಶುರುವಾದಾಗ ಷೇರು ಹಣ ಕಟ್ಟಲು ಮನೆಮನೆ ಸುತ್ತಿದವರಿಗೆ ಆಗ ನಲವತ್ತು, ನಲವತ್ತೈದು ವರ್ಷ. ಇಂದು ಅವರಿಗೆ ಅರವತ್ತೈದು, ಎಪ್ಪತ್ತು. ಸಂಘಕ್ಕೆ ಬೆಳ್ಳಿ ಹಬ್ಬ ಬಂದಿತು, ಅದನ್ನು ಕಟ್ಟಿದವರ ತಲೆಗೂ ಬೆಳ್ಳಿ ಬಂದಿತು. ನಾಳೆ ಬೆಳಿಗ್ಗೆ ಡೈರಿ ಮುಂದಿನ ಸಾಲನ್ನು ಒಮ್ಮೆ ನೀವೇ ನೋಡಿ. ಕ್ಯಾನು ಹಿಡಿದು ಬರುವವರಲ್ಲಿ ಎಷ್ಟು ಜನ ಕೋಲು ಊರಿಕೊಂಡು ಬರುತ್ತಾರೆ? ಮಕ್ಕಳು ಬೆಂಗಳೂರು ಸೇರಿದ್ದಾರೆ, ಊರಲ್ಲಿ ಹಸು ನೋಡಿಕೊಳ್ಳುತ್ತಿರುವವರು ತಂದೆ ತಾಯಿ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ನೂರಕ್ಕೆ 8.6 ಮಂದಿ. ಅವರಲ್ಲಿ ಏಳು ಕೋಟಿಗೂ ಹೆಚ್ಚು ಜನ ಇದ್ದದ್ದು ಹಳ್ಳಿಗಳಲ್ಲಿ. ಕರ್ನಾಟಕದಲ್ಲಿ ಅದೇ ಲೆಕ್ಕ ನೂರಕ್ಕೆ 9.5. ಆಮೇಲೆ ಈ ಸಂಖ್ಯೆ ಏರುತ್ತಲೇ ಬಂದಿದೆ. ಇನ್ನೊಂದು ಕಡೆ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು ಎಂದು ಕಂಡುಬಂದಿದೆ. ನಮ್ಮ ಅಜ್ಜನ ಕಾಲದಲ್ಲಿ ಒಬ್ಬ ಮುದುಕನಿಗೆ ಆರು ಮಕ್ಕಳು, ಇಪ್ಪತ್ತು ಮೊಮ್ಮಕ್ಕಳು. ಯಾರೋ ಒಬ್ಬರು ನೀರು ಕೊಡುತ್ತಿದ್ದರು. ನಮ್ಮ ಕಾಲಕ್ಕೆ ಒಬ್ಬ ಮಗ, ಅವನೂ ಊರಲ್ಲಿಲ್ಲ. ಹಾಗೆಂದು ಮಗನನ್ನು ಬೈದು ಪ್ರಯೋಜನವಿಲ್ಲ. ಅವನು ಹೋಗಲಿ ಎಂದೇ ಅಲ್ಲವೇ ನಾವು ಓದಿಸಿದ್ದು? ಮನೆ ಮಾತ್ರ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಇನ್ನು ಮೇಲೆ ಊರು ಮಾಡಬೇಕಾಗುತ್ತದೆ. ಇದೇ ನಾನು ಇಂದು ಹೇಳಬೇಕೆಂದಿರುವ ಮಾತು.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ನಾನು ಆರೋಗ್ಯ ಇಲಾಖೆಯವನು, ಊರಿಗೆಲ್ಲ ಶೌಚಾಲಯ ಕಟ್ಟಿಸಿಕೊಳ್ಳಿ ಎಂದು ಬುದ್ಧಿ ಹೇಳಿದವನು. ನಮ್ಮ ಮನೆಯ ಹಿತ್ತಲಲ್ಲೂ ಕಟ್ಟಿಸಿದೆ. ಮಳೆ ನೀರು ನುಗ್ಗಬಾರದೆಂದು ಪಾಯ ಎತ್ತರಿಸಿ ಮೂರು ಮೆಟ್ಟಿಲು ಇಡಿಸಿದೆ. ಚೆಂದ ಕಾಣಲಿ ಎಂದು ನುಣುಪಾದ ಟೈಲ್ಸ್ ಹಾಕಿಸಿದೆ. ಹಿಡಿದುಕೊಳ್ಳಲು ಒಂದು ಕಂಬಿ ಇರಲಿಲ್ಲ, ದೀಪದ ಸ್ವಿಚ್ಚು ಇದ್ದದ್ದು ಅಡುಗೆಮನೆಯೊಳಗೆ. ನಮ್ಮವ್ವ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಕೇಳಿದರೆ, "ಬಾಯಾರಿಕೆ ಆಗಲ್ಲ ಕಣಪ್ಪ" ಅನ್ನುತ್ತಿದ್ದಳು. ರಾತ್ರಿ ಎದ್ದು ಆ ಮೆಟ್ಟಿಲು ಹತ್ತಬೇಕಲ್ಲ ಎಂಬ ಹೆದರಿಕೆ ಅದು ಎಂದು ಇಷ್ಟು ವರ್ಷ ಆರೋಗ್ಯ ಶಿಕ್ಷಣ ಮಾಡಿದ ನನಗೆ ಹೊಳೆಯಲಿಲ್ಲ. ಒಂದು ಮಳೆಗಾಲದ ರಾತ್ರಿ ಜಾರಿ ಬಿದ್ದಳು. ಸೊಂಟದ ಕೀಲಿನ ಮೂಳೆ ಮುರಿಯಿತು. ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಕರೆದುಕೊಂಡು ಓಡಾಡಿದೆವು. ಐದು ತಿಂಗಳು ಹಾಸಿಗೆ ಹಿಡಿದು, ಬೆನ್ನೆಲ್ಲ ಹುಣ್ಣಾಗಿ, ತೀರಿಕೊಂಡಳು.

"ವಯಸ್ಸಾಗಿತ್ತು, ಬಿದ್ದರು" ಎಂದು ಬಂದವರೆಲ್ಲ ಹೇಳಿದರು. ನಾನೂ ಹಾಗೇ ಹೇಳಿಕೊಂಡು ತಿರುಗಿದೆ. ತಿಥಿ ಎಲ್ಲ ಮುಗಿದ ಮೇಲೆ ಒಂದು ದಿನ ಆ ಮೆಟ್ಟಿಲ ಮೇಲೆ ಕೂತಾಗ ಅರ್ಥವಾಯಿತು. ನಮ್ಮವ್ವನನ್ನು ಬೀಳಿಸಿದ್ದು ವಯಸ್ಸಲ್ಲ, ಮೂರನೇ ಮೆಟ್ಟಿಲು. ಅದನ್ನು ಕಟ್ಟಿಸಿದವನು ನಾನು. ವಯಸ್ಸನ್ನು ನಾವು ಕಡಿಮೆ ಮಾಡಲಾಗುವುದಿಲ್ಲ, ಮೆಟ್ಟಿಲನ್ನು ಮಾಡಬಹುದಾಗಿತ್ತು.

ಇನ್ನೊಂದು ಸಂಗತಿ ನಿಮಗೆಲ್ಲ ಗೊತ್ತಿರುವುದೇ. ಕೆಳಗಿನ ಬೀದಿಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರು ಒಂದು ಹಸು ಇಟ್ಟುಕೊಂಡು ಹತ್ತಾರು ವರ್ಷ ಡೈರಿಗೆ ಹಾಲು ಹಾಕಿದರು. ಒಂದು ದಿನ ಬೆಳಿಗ್ಗೆ ಅವರ ಹಾಲು ಬರಲಿಲ್ಲ. ಹಾಲು ಪರೀಕ್ಷೆ ಮಾಡುವ ಹುಡುಗ, "ಅಜ್ಜಿ ಯಾಕೋ ಬರ್ಲಿಲ್ಲವಲ್ಲ, ನೋಡ್ಕಂಡು ಬರ್ತೀನಿ" ಎಂದು ಹೋದ. ಅಜ್ಜಿ ಜ್ವರದಲ್ಲಿ ಮಲಗಿದ್ದರು. ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಿಸಿ ಗುಣವಾಗಿ ಬಂದರು. ಎರಡು ವರ್ಷದ ನಂತರ, ಹುಲ್ಲು ಹೊರಲಾರೆ ಎಂದು ಹಸು ಮಾರಿದರು. ಮುಂದಿನ ಬೇಸಿಗೆಯಲ್ಲಿ ಮತ್ತೆ ಕಾಯಿಲೆ ಬಿದ್ದರು. ಈ ಸಲ ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ಜೀವ ಉಳಿಯಿತು, ಆದರೆ ಮಗಳು ಬಂದು ಬಾಗಿಲಿಗೆ ಬೀಗ ಹಾಕಿ ಕರೆದುಕೊಂಡು ಹೋದಳು. ಊರು ಬಿಡುವಾಗ ಅಜ್ಜಿ ಅಳುತ್ತಾ ಹೋದದ್ದನ್ನು ನೋಡಿದವರು ಈ ಸಭೆಯಲ್ಲೇ ಇದ್ದೀರಿ.

ಬಂಧುಗಳೇ, ಹಸು ಇದ್ದಾಗ ಒಂದೇ ಹೊತ್ತಿನಲ್ಲಿ ಗೊತ್ತಾಯಿತು. ಹಸು ಇಲ್ಲದಾಗ ಮೂರು ದಿನ ಗೊತ್ತಾಗಲಿಲ್ಲ. ಹಾಗಾದರೆ ನಮ್ಮ ಡೈರಿ ಹಾಲು ಅಳೆಯುವುದರ ಜೊತೆಗೆ, ನಮಗೇ ಅರಿವಿಲ್ಲದಂತೆ, ಊರಿನ ಮುದುಕರನ್ನು ದಿನಕ್ಕೆ ಎರಡು ಸಲ ವಿಚಾರಿಸಿಕೊಳ್ಳುವ ಕೆಲಸವನ್ನೂ ಮಾಡುತ್ತಿದೆ. ಅದು ತಿಳಿಯದೆ ಆಗುತ್ತಿದೆ, ತಿಳಿದು ಮಾಡೋಣ ಎಂದು ನನ್ನ ಪ್ರಾರ್ಥನೆ.

ಸಹಕಾರ ಸಂಘಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ನಿಜವಾದ ಸಂಗತಿ ಹೇಳುತ್ತೇನೆ. ಇದು ಜಪಾನ್ ದೇಶದ್ದು. ಅಲ್ಲಿ ನಾಗಾನೋ ಎಂಬ ಪ್ರಾಂತ್ಯವಿದೆ. ಗುಡ್ಡಗಾಡು, ವಿಪರೀತ ಚಳಿ, ರೈತಾಪಿ ಜನ. ಅದರಲ್ಲಿ ಸಕು ಎಂಬ ಸೀಮೆ. ನಮ್ಮ ಬಾಯಿಗೆ ಅದು 'ಸಾಕು' ಎಂದೇ ಬರುತ್ತದೆ. ನಗಬೇಡಿ, ಹೆಸರು ಹಾಗಿದ್ದರೂ ಆ ಜನ ಕೆಲಸದಲ್ಲಿ ಸಾಕು ಅನ್ನಲಿಲ್ಲ. ಅಲ್ಲಿ ರೈತರ ಸಹಕಾರ ಸಂಘದವರೇ ನಡೆಸುವ ಒಂದು ಆಸ್ಪತ್ರೆ. ಯುದ್ಧ ಮುಗಿಯುವ ವರ್ಷ, 1945ರಲ್ಲಿ, ತೋಷಿಕಾಜು ವಾಕಾತ್ಸುಕಿ ಎಂಬ ವೈದ್ಯರು ಟೋಕಿಯೋದಿಂದ ಆ ಆಸ್ಪತ್ರೆಗೆ ಬಂದರು. ಬಂದು ನೋಡಿದರೆ, ರೋಗ ಬಲಿತು ಕೈಮೀರಿದ ಮೇಲೆಯೇ ರೈತರು ಆಸ್ಪತ್ರೆಗೆ ಬರುತ್ತಿದ್ದರು. ದುಡ್ಡಿನ ಚಿಂತೆ ಒಂದು ಕಡೆ, ಕೆಲಸ ಬಿಟ್ಟು ಹೋಗಬೇಕಲ್ಲ ಎಂಬ ಸಂಕೋಚ ಇನ್ನೊಂದು ಕಡೆ. ನಮ್ಮ ಜನ, "ನಾಟಿ ಮುಗೀಲಿ, ಆಮೇಲೆ ತೋರಿಸ್ಕಂಡ್ರಾಯ್ತು" ಅನ್ನುತ್ತಾರಲ್ಲ, ಥೇಟ್ ಅದೇ.

ಜನ ಬರದಿದ್ದರೆ ನಾವೇ ಹೋಗೋಣ ಎಂದು ವೈದ್ಯರೂ ದಾದಿಯರೂ ಹಳ್ಳಿಹಳ್ಳಿಗೆ ಹೊರಟರು. ಆರೋಗ್ಯದ ಬಗ್ಗೆ ಭಾಷಣ ಮಾಡಿದರೆ ಯಾರೂ ಕೂರುವುದಿಲ್ಲ ಎಂದು ಆಸ್ಪತ್ರೆಯವರೇ ನಾಟಕ ಕಟ್ಟಿ ಆಡಿದರು. 1959ರಲ್ಲಿ ಯಾಚಿಹೋ ಎಂಬ ಹಳ್ಳಿಯವರೂ ಆಸ್ಪತ್ರೆಯವರೂ ಸೇರಿ ಒಂದು ಹೊಸ ಪದ್ಧತಿ ತಂದರು. ಕಾಯಿಲೆ ಇರಲಿ ಬಿಡಲಿ, ಇಡೀ ಊರಿನವರಿಗೆ ವರ್ಷಕ್ಕೊಮ್ಮೆ ತಪಾಸಣೆ. ಒಬ್ಬೊಬ್ಬರಿಗೂ ಒಂದೊಂದು ಆರೋಗ್ಯ ಪುಸ್ತಕ. ನಮ್ಮ ಹಾಲಿನ ಪಾಸ್ ಪುಸ್ತಕದಲ್ಲಿ ಡಿಗ್ರಿ, ಫ್ಯಾಟು ಬರೆದಂತೆ ಅದರಲ್ಲಿ ರಕ್ತದೊತ್ತಡ ಮುಂತಾದವನ್ನು ಬರೆದು ಅವರ ಕೈಗೇ ಕೊಡುತ್ತಿದ್ದರು.

ಆ ಸೀಮೆಯಲ್ಲಿ ಲಕ್ವ ಹೊಡೆದು ಸಾಯುವವರು ಬಹಳ. ಕಾರಣ ಹುಡುಕಿದರೆ ಎರಡು ಕಂಡವು. ಒಂದು, ಉಪ್ಪು ತುಂಬಿದ ಉಪ್ಪಿನಕಾಯಿ ಮತ್ತು ಅವರು ದಿನವೂ ಕುಡಿಯುವ ಮಿಸೋ ಎಂಬ ಸಾರು. ಎರಡು, ಚಳಿಗಾಲದಲ್ಲಿ ಮನೆಯೊಳಗೇ ಕೊರೆಯುವ ಥಂಡಿ. ಔಷಧಿ ಕೊಡುವುದರ ಜೊತೆಗೆ, ಮನೆಯಲ್ಲಿ ಒಂದು ಕೋಣೆಯನ್ನಾದರೂ ಬೆಚ್ಚಗಿಡಿ, ಉಪ್ಪು ಕಡಿಮೆ ಮಾಡಿ ಎಂಬ ಚಳವಳಿ ನಾಗಾನೋದಲ್ಲಿ ನಡೆಯಿತು. ಮನೆಮನೆಗೆ ಹೋಗಿ, ನಾವು ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವಂತೆ, ಅವರು ಸಾರಿಗೆ ಉಪ್ಪಿನ ಮಾಪಕ ಇಟ್ಟು ನೋಡಿದರು. ಇದನ್ನೆಲ್ಲ ಮಾಡಿದವರಲ್ಲಿ ಬಹುಪಾಲು ಸರ್ಕಾರಿ ನೌಕರರಲ್ಲ, ಊರಿನ ಗೃಹಿಣಿಯರು. ಅದೇ ಪ್ರಾಂತ್ಯದ ಇನ್ನೊಂದು ಹಳ್ಳಿಯಲ್ಲಿ 1945ರಲ್ಲೇ ಶುರುವಾದ ಪದ್ಧತಿ ಅದು. ಹೆಣ್ಣುಮಕ್ಕಳು ಸರದಿಯ ಮೇಲೆ ಎರಡೆರಡು ವರ್ಷ ತಮ್ಮ ಕೇರಿಯ ಆರೋಗ್ಯದ ಕೆಲಸ ನೋಡಿಕೊಳ್ಳುತ್ತಾರೆ. ಸರದಿ ಮುಗಿಯುವಷ್ಟರಲ್ಲಿ ಅವರೂ ಕಲಿತಿರುತ್ತಾರೆ, ಅವರ ಮನೆಯವರೂ ಕಲಿತಿರುತ್ತಾರೆ.

ಫಲ ಏನಾಯಿತು? 2010ರ ಲೆಕ್ಕದಲ್ಲಿ ಇಡೀ ಜಪಾನಿನಲ್ಲಿ ಗಂಡಸರ ಆಯುಸ್ಸಿನಲ್ಲೂ ಹೆಂಗಸರ ಆಯುಸ್ಸಿನಲ್ಲೂ ನಾಗಾನೋ ಮೊದಲನೆಯದು. ಗಂಡಸರಿಗೆ 80.88 ವರ್ಷ, ಹೆಂಗಸರಿಗೆ 87.18 ವರ್ಷ. ಬರೀ ಹೆಚ್ಚು ಬದುಕಿದ್ದಲ್ಲ, ದುಡಿಯುತ್ತಾ ಬದುಕಿದರು. ವಯಸ್ಸಾದ ಮೇಲೂ ಹೊಲ ತೋಟದ ಕೆಲಸದಲ್ಲಿರುವವರು ಅಲ್ಲಿ ಬಹಳ. ವಾಕಾತ್ಸುಕಿಯವರಿಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2006ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಜಪಾನು ಶ್ರೀಮಂತ ದೇಶ, ನಮಗೂ ಅವರಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಆದರೆ 1945ರಲ್ಲಿ, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ ಅದು. ಆ ಜನರ ಕೈಯಲ್ಲಿ ಇದ್ದದ್ದು ಸಹಕಾರ ಸಂಘ ಮತ್ತು ಒಂದಷ್ಟು ಹಠ. ನಮಗೂ ಇಂಥ ಪರಂಪರೆ ಇದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದು ರೈತನ ಕಷ್ಟ ಸಾಲ, ಅದಕ್ಕೆ ಸಹಕಾರ ಉತ್ತರವಾಯಿತು. ಆಮೇಲೆ ಹಾಲಿಗೆ ಬೆಲೆ ಇಲ್ಲ ಎಂಬ ಕಷ್ಟ ಬಂತು, ಅದಕ್ಕೂ ಸಹಕಾರವೇ ಉತ್ತರವಾಯಿತು. 2003ರಲ್ಲಿ ತಿಂಗಳಿಗೆ ಐದು ರೂಪಾಯಿಯಂತೆ ಕಟ್ಟಿದ ಸಹಕಾರಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಯಶಸ್ವಿನಿ ಯೋಜನೆ ನಮ್ಮ ರಾಜ್ಯದಲ್ಲೇ ಬಂದಿತು. 2018ರಲ್ಲಿ ಅದನ್ನು ಬೇರೆ ಯೋಜನೆಯಲ್ಲಿ ಸೇರಿಸಿದರು, 2022-23ರಲ್ಲಿ ಮತ್ತೆ ಜಾರಿಗೆ ತಂದರು. ಆದುದರಿಂದ ಆರೋಗ್ಯ ಸಹಕಾರ ಸಂಘದ ಕೆಲಸವಲ್ಲ ಎಂದು ಯಾರೂ ಹೇಳುವಂತಿಲ್ಲ.

ಈಗ ನಮ್ಮೂರಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯವರು 2007ರಲ್ಲಿ ಹಿರಿಯರಿಗೆ ಅನುಕೂಲವಾದ ಊರು ಹೇಗಿರಬೇಕು ಎಂಬ ಕೈಪಿಡಿ ಹೊರತಂದರು. ಅದಕ್ಕಾಗಿ ಪ್ರಪಂಚದ 33 ನಗರಗಳಲ್ಲಿ ವಯಸ್ಸಾದವರನ್ನೇ ಕೂರಿಸಿಕೊಂಡು ಕೇಳಿದರು. ನಮ್ಮ ದೆಹಲಿ ಮತ್ತು ಉದಯಪುರವೂ ಅದರಲ್ಲಿದ್ದವು. ಹಿರಿಯರು ಹೇಳಿದ್ದನ್ನು ಎಂಟು ವಿಷಯಗಳಾಗಿ ವಿಂಗಡಿಸಿದ್ದಾರೆ. ಓಡಾಡುವ ಜಾಗ, ವಾಹನ ಸೌಕರ್ಯ, ವಾಸದ ಮನೆ, ಜನರೊಡನೆ ಬೆರೆಯುವುದು, ಗೌರವ, ದುಡಿಯುವ ಮತ್ತು ಊರ ಕೆಲಸದಲ್ಲಿ ಪಾಲ್ಗೊಳ್ಳುವ ಅವಕಾಶ, ಮಾಹಿತಿ, ಮತ್ತು ಆರೋಗ್ಯ ಸೇವೆ. ಗಮನಿಸಿ, ಆಸ್ಪತ್ರೆ ಎಂಬುದು ಎಂಟರಲ್ಲಿ ಒಂದು ಮಾತ್ರ. ಮಿಕ್ಕ ಏಳೂ ಬೀದಿ, ಮನೆ, ಕಟ್ಟೆ, ಮಾತುಕತೆಗೆ ಸೇರಿದ್ದು.

ಈ ಸಭೆಗೆ ಬರುವ ಮುಂಚೆ ನಾನೂ ಒಂದು ಪರೀಕ್ಷೆ ಮಾಡಿದೆ. ಮೇಲಿನ ಬೀದಿಯ ಕೊನೆ ಮನೆಯಿಂದ ಎಂಬತ್ತು ದಾಟಿದ ನಮ್ಮ ದೊಡ್ಡಪ್ಪನವರ ಜೊತೆ ಡೈರಿಯವರೆಗೆ ನಡೆದು ಬಂದೆ. ನಾನು ಐದು ನಿಮಿಷದಲ್ಲಿ ಬರುವ ದಾರಿ, ಅವರ ಜೊತೆ ಅರ್ಧ ಗಂಟೆ ಹಿಡಿಯಿತು. ನಾನು ದಿನವೂ ತುಳಿಯುವ ದಾರಿಯನ್ನು ಆವತ್ತೇ ಸರಿಯಾಗಿ ನೋಡಿದ್ದು. ಕಾಂಕ್ರೀಟು ರಸ್ತೆ ಎತ್ತರ, ಮನೆ ಬಾಗಿಲು ತಗ್ಗು. ಚರಂಡಿ ಮೇಲಿನ ಚಪ್ಪಡಿ ಎರಡು ಕಡೆ ಮುರಿದಿದೆ. ದಾರಿಯುದ್ದಕ್ಕೂ ಒಂದು ಕಡೆಯೂ ಕೂರುವ ಜಾಗವಿಲ್ಲ. ಮುಂಚೆ ಮನೆಗೊಂದು ಜಗಲಿ ಇತ್ತು. ಈಗ ಮನೆ ಕಟ್ಟಿಸುವವರೆಲ್ಲ ಜಗಲಿ ತೆಗೆದು ಗೇಟು ಇಡುತ್ತಿದ್ದೇವೆ. ದೊಡ್ಡಪ್ಪ ಒಂದು ಮನೆ ಮುಂದೆ ನಿಂತು, "ಇಲ್ಲಿ ಜಗಲಿ ಇತ್ತಲ್ಲೋ, ಏನಾಯ್ತು?" ಎಂದರು. ಜಗಲಿ ತೆಗೆದವನು ನಾನೇ. ಅದು ನನ್ನ ಮನೆಯೇ.

ಕೊನೆಗೆ ಡೈರಿ ತಲುಪಿದೆವು. ಇಲ್ಲೂ ಮೆಟ್ಟಿಲು ಎತ್ತರ, ಹಿಡಿಯಲು ಕಂಬಿ ಇಲ್ಲ, ಸಾಲಿನಲ್ಲಿ ನಿಂತೇ ಇರಬೇಕು. ದೊಡ್ಡಪ್ಪ ಕಟ್ಟೆ ಅಂಚಿಗೆ ಒರಗಿ ಸುಧಾರಿಸಿಕೊಂಡು ಒಂದು ಮಾತು ಹೇಳಿದರು. "ಬರೋಕೆ ಆಸೆಯೇನೋ ಐತೆ. ನಾಲ್ಕು ಜನ ಸಿಗ್ತಾರೆ, ಮಾತಾಡ್ತಾರೆ. ಆದ್ರೆ ಬಿದ್ದುಬಿಟ್ರೆ ಮಕ್ಕಳಿಗೆ ತೊಂದ್ರೆ ಅಂತ ಮನೇಲೇ ಕುಂತ್ಕಂತೀನಿ." ಮನೆಯಲ್ಲೇ ಕೂತರೆ ಕಾಲಿನ ಶಕ್ತಿ ಹೋಗುತ್ತದೆ. ಶಕ್ತಿ ಹೋದರೆ ಬೀಳುವ ಭಯ ಇನ್ನೂ ಹೆಚ್ಚು. ಹೀಗೇ ಮನುಷ್ಯ ಮೂಲೆ ಸೇರುತ್ತಾನೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಆಡಳಿತ ಮಂಡಳಿಯ ಮುಂದೆ ಮತ್ತು ನಿಮ್ಮೆಲ್ಲರ ಮುಂದೆ ಆರು ವಿಷಯ ಇಡುತ್ತೇನೆ. ಯಾವುದಕ್ಕೂ ದೊಡ್ಡ ಹಣ ಬೇಕಿಲ್ಲ.

ಒಂದನೆಯದು, ನಮ್ಮ ಡೈರಿ ಕಟ್ಟಡ. ಮೆಟ್ಟಿಲ ಪಕ್ಕ ಒಂದು ಇಳಿಜಾರು, ಒಂದು ಕಬ್ಬಿಣದ ಹಿಡಿಕಂಬಿ, ನೆರಳಿನಲ್ಲಿ ಎರಡು ಕಲ್ಲುಬೆಂಚು, ಒಂದು ಕುಡಿಯುವ ನೀರಿನ ನಲ್ಲಿ. ಅರವತ್ತೈದು ದಾಟಿದವರು ಕ್ಯಾನನ್ನು ಸಾಲಿನಲ್ಲಿಟ್ಟು ತಾವು ಬೆಂಚಿನಲ್ಲಿ ಕೂರಲಿ. ಈ ರಜತ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಬೇಕೆಂಬ ಮಾತು ನಡೆದಿದೆ ಎಂದು ಕೇಳಿದ್ದೇನೆ. ಕಮಾನಿನ ಕೆಳಗೆ ಹಾದುಹೋಗಬಹುದು, ಕೂರುವುದಕ್ಕಾಗುವುದಿಲ್ಲ. ದಯವಿಟ್ಟು ಯೋಚಿಸಿ.

ಎರಡನೆಯದು, ವಿಚಾರಿಸುವ ಪುಸ್ತಕ. ಒಂಟಿಯಾಗಿರುವ ಅಥವಾ ಇಬ್ಬರೇ ಇರುವ ಹಿರಿಯರ ಮನೆಗಳ ಒಂದು ಪಟ್ಟಿ ಡೈರಿಯಲ್ಲಿರಲಿ. ಅವರು ಹಾಲು ಹಾಕುತ್ತಿರಲಿ ಬಿಡಲಿ, ಬೀದಿಗೊಬ್ಬ ಸದಸ್ಯರು ಬೆಳಿಗ್ಗೆ ಡೈರಿಗೆ ಬರುವಾಗ ಆ ಬಾಗಿಲಲ್ಲಿ ಒಂದು ಮಾತು ಕೂಗಿ ಬರಲಿ. "ಅಜ್ಜಿ, ಎದ್ದ್ರಾ?" ಅಷ್ಟೇ. ಉತ್ತರ ಬಂದರೆ ಪುಸ್ತಕದಲ್ಲಿ ಒಂದು ಗುರುತು. ಬರದಿದ್ದರೆ ಬಾಗಿಲು ತಟ್ಟಿ ನೋಡುವುದು. ನಾಗಾನೋದ ಹೆಂಗಸರಂತೆ ಸರದಿ ಬದಲಾಗುತ್ತಾ ಇದ್ದರೆ ಯಾರಿಗೂ ಹೊರೆಯಾಗುವುದಿಲ್ಲ.

ಮೂರನೆಯದು, ತಪಾಸಣೆ. ಬಟವಾಡೆಯ ದಿನ ಊರೆಲ್ಲ ಡೈರಿ ಮುಂದೆ ಸೇರುತ್ತದೆ. ತಿಂಗಳಿಗೊಮ್ಮೆ ಆ ದಿನವೇ ಆಶಾ ಕಾರ್ಯಕರ್ತೆಯರನ್ನೂ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳನ್ನೂ ಬರಮಾಡಿಕೊಂಡು ಬಿಪಿ, ಶುಗರ್ ನೋಡಿಸೋಣ. ಯಾಚಿಹೋದವರಂತೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಅವರವರ ಕೈಗೆ ಕೊಡೋಣ. ಬಿಪಿ ಎಂಬುದು ಕಳ್ಳ, ನೋವು ಕೊಡದೆ ಒಳಗೆ ಕೂತಿರುತ್ತದೆ. ಮಾತ್ರೆ ಶುರುಮಾಡಿದ ಮೇಲೆ "ಈಗ ಚೆನ್ನಾಗಿದೀನಿ" ಎಂದು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಉಪ್ಪು ದಿನಕ್ಕೆ ಐದು ಗ್ರಾಮ್‌ಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ ಎಲ್ಲದರಲ್ಲಿ ಇರುವುದೂ ಸೇರಿ ಒಂದು ಟೀ ಚಮಚ ಮಟ್ಟಸ. ತಾಯಂದಿರು ಈ ಲೆಕ್ಕವನ್ನು ಒಮ್ಮೆ ಮನೆಯಲ್ಲಿ ಹಾಕಿ ನೋಡಬೇಕು.

ನಾಲ್ಕನೆಯದು, ಮನೆಯೊಳಗಿನ ರಿಪೇರಿ. ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿದು ಏಳಲು ಒಂದು ಕಂಬಿ, ಜಾರದ ನೆಲ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ, ಕುಕ್ಕುರುಗಾಲಲ್ಲಿ ಕೂರಲಾರದವರಿಗೆ ಕುರ್ಚಿಯಂತಹ ಕಮೋಡು. ನಮ್ಮ ಸದಸ್ಯರಲ್ಲಿ ಗಾರೆ ಕೆಲಸದವರಿದ್ದಾರೆ, ವೆಲ್ಡಿಂಗ್ ಹುಡುಗರಿದ್ದಾರೆ, ಕರೆಂಟು ಕೆಲಸ ಬಲ್ಲವರಿದ್ದಾರೆ. ವರ್ಷಕ್ಕೆ ನಾಲ್ಕು ಭಾನುವಾರ ಶ್ರಮದಾನ ಮಾಡಿದರೆ ಒಂಟಿ ಹಿರಿಯರ ಮನೆಗಳೆಲ್ಲ ಮುಗಿಯುತ್ತವೆ. ಸಾಮಾನಿನ ಖರ್ಚಿಗೆ ಲಾಭದಲ್ಲಿ ಒಂದು ಪಾಲು ಕೊಡಲು ಬೈಲಾದಲ್ಲಿ ಎಡೆ ಇದೆಯೇ ಎಂದು ಸಾಮಾನ್ಯ ಸಭೆಯಲ್ಲಿ ಚರ್ಚಿಸೋಣ. ಮೊದಲ ಕಂಬಿಯ ಖರ್ಚು ನನ್ನದು. ಅದು ನಮ್ಮವ್ವನ ಹೆಸರಿನಲ್ಲಿ.

ಐದನೆಯದು, ಗ್ರಾಮ ಸಭೆ. ಮುರಿದ ಚಪ್ಪಡಿ, ಬೀದಿ ದೀಪ, ಬಸ್ ನಿಲ್ದಾಣದ ಬೆಂಚು ಇವು ಪಂಚಾಯತಿಯ ಕೆಲಸ. ಗ್ರಾಮ ಸಭೆಯಲ್ಲಿ ಕೇಳಿದ್ದು ಪಂಚಾಯತಿಯ ಯೋಜನೆಗೆ ಸೇರುತ್ತದೆ, ಕೇಳದೇ ಇದ್ದದ್ದು ಸೇರುವುದಿಲ್ಲ. ಗ್ರಾಮ ಸಭೆಗೆ ಹಿರಿಯರು ಬರಲಾರರು, ಬರುವ ಯುವಕರಿಗೆ ಇದು ಹೊಳೆಯುವುದಿಲ್ಲ. ಆದ್ದರಿಂದ ಸಂಘದಿಂದ ಇಬ್ಬರು ಹೋಗಿ, ಹಿರಿಯರ ದಾರಿಯಲ್ಲಿ ನಡೆದು ನೋಡಿದ ಪಟ್ಟಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಲಿ.

ಆರನೆಯದು, ಕಾಗದಪತ್ರ. ಎಷ್ಟೋ ಜನರ ಬೆರಳಚ್ಚು ದುಡಿದು ದುಡಿದು ಸವೆದುಹೋಗಿದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅವರನ್ನು ಗುರುತಿಸುವುದಿಲ್ಲ. ಅರವತ್ತೈದು ದಾಟಿದವರಿಗೆ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಪಿಂಚಣಿಗೆ ವಯಸ್ಸಿನ ದಾಖಲೆ ಹೊಂದದೆ ಬಿಟ್ಟವರಿದ್ದಾರೆ. ಸರ್ಕಾರಿ ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ಶೇಕಡಾ 25 ರಿಯಾಯಿತಿ ಇದೆ ಎಂಬುದೂ ಕೆಲವರಿಗೆ ಗೊತ್ತಿಲ್ಲ. ನಮ್ಮ ಕಾರ್ಯದರ್ಶಿಗಳು ಕಂಪ್ಯೂಟರ್ ಬಲ್ಲವರು. ವಾರಕ್ಕೊಂದು ಗಂಟೆ ಇದಕ್ಕಾಗಿ ಕೊಟ್ಟರೆ ಎಷ್ಟೋ ಮನೆಗಳಿಗೆ ಉಪಕಾರ.

ಕಾಗದದ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಪ್ರೀತಿಯಿಂದಲೋ ಒತ್ತಾಯದಿಂದಲೋ ಇದ್ದ ಜಮೀನನ್ನೆಲ್ಲ ಮಕ್ಕಳ ಹೆಸರಿಗೆ ಬರೆದುಕೊಟ್ಟು ಆಮೇಲೆ ಒಂದು ಮಾತ್ರೆಗೂ ಕೈಚಾಚುವವರನ್ನು ನಾನು ಕಂಡಿದ್ದೇನೆ. ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಕಾನೂನು ಬಂದಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು, ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಆ ಕಾನೂನಿನಲ್ಲಿ ಅವಕಾಶವಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲೂ ಬಹುದು. ಆದರೆ ಆ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಇರಲಿ, ಬರೀ ಬಾಯಿಮಾತಿಗೆ ಬಿಡಬೇಡಿ. ಹಿರಿಯರ ಸಹಾಯವಾಣಿ 14567. ಈ ನಂಬರನ್ನು ಡೈರಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸೋಣ.

ಯುವಕರಿಗೆ ಒಂದು ಮಾತು. ಇದೆಲ್ಲ ಮುದುಕರಿಗಾಗಿ ಎಂದುಕೊಳ್ಳಬೇಡಿ. ಇಳಿಜಾರಿನಲ್ಲಿ ಬಸುರಿ ಹೆಂಗಸು ಬರುತ್ತಾಳೆ, ಸೈಕಲ್ಲಿನಲ್ಲಿ ಕ್ಯಾನು ತರುವವನು ಬರುತ್ತಾನೆ. ಬೀದಿ ದೀಪದಲ್ಲಿ ಸಂಜೆ ಟ್ಯೂಷನ್ ಮುಗಿಸಿದ ನಿಮ್ಮ ಮಗಳು ಧೈರ್ಯವಾಗಿ ಮನೆಗೆ ಬರುತ್ತಾಳೆ. ಹಣ್ಣೆಲೆ ಉದುರುವಾಗ ಕಾಯೆಲೆ ನಗುತ್ತಿತ್ತು ಎಂಬ ಗಾದೆಯನ್ನು ನೀವೂ ಕೇಳಿದ್ದೀರಿ. ನಿಮ್ಮ ಸರದಿ ಬರುವ ಹೊತ್ತಿಗೆ ಊರು ಸಜ್ಜಾಗಿರಲಿ ಎಂದೇ ನಾನು ಹೇಳುತ್ತಿರುವುದು.

ಕೊನೆಯದಾಗಿ ಒಂದು ಬಿನ್ನಹ. ಬೈಲಾ ಪ್ರಕಾರ ಹಾಲು ಹಾಕುವುದು ನಿಂತರೆ ಮತದಾನದ ಹಕ್ಕು ಇರುವುದಿಲ್ಲ. ಅದು ನಿಯಮ, ನಾನು ಆಕ್ಷೇಪಿಸುವುದಿಲ್ಲ. ಆದರೆ ಕ್ರಮೇಣ ಅವರ ಹೆಸರು ನಮ್ಮ ಮನಸ್ಸಿನಿಂದಲೂ ಬಿಟ್ಟುಹೋಗುತ್ತದೆ. ಮೊದಲ ವರ್ಷ ಲೀಟರು ಲೀಟರು ಹಾಲು ತಂದು ಈ ಸಂಘವನ್ನು ಉಳಿಸಿದವರಲ್ಲಿ ಹಲವರು ಇಂದು ಹಸು ಮಾರಿ ಮನೆಯಲ್ಲಿ ಕೂತಿದ್ದಾರೆ. ಸಮಾರಂಭದ ಆಹ್ವಾನ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಕಾರ್ಯದರ್ಶಿಗಳು ಹೇಳಿದರು. ಅದು ಅಚ್ಚಾದ ಮೇಲೆ ಮೊದಲ ಪ್ರತಿಗಳು ಅವರ ಮನೆಗೆ ಹೋಗಲಿ. ಬರೀ ಪತ್ರಿಕೆ ಹೋದರೆ ಸಾಲದು, ಕರೆತರಲು ಒಂದು ಆಟೋ ಹೋಗಲಿ. ಊರು ಬಿಟ್ಟುಹೋದ ಆ ಅಜ್ಜಿಯ ಮಗಳ ಮನೆಯ ವಿಳಾಸ ನನ್ನ ಬಳಿ ಇದೆ. ಅವರನ್ನು ಕರೆದುಕೊಂಡು ಬರುವ ಜವಾಬ್ದಾರಿಯನ್ನು ನಾನೇ ಹೊತ್ತುಕೊಳ್ಳುತ್ತೇನೆ. ಅವರು ಬರುವ ದಿನಕ್ಕೆ ಡೈರಿ ಮೆಟ್ಟಿಲಿಗೆ ಒಂದು ಕಂಬಿಯಾದರೂ ಹಾಕಿಸಿಡಿ.

ತಪ್ಪಿದ್ದರೆ ತಿದ್ದಿ, ಸರಿಯೆನಿಸಿದರೆ ಒಂದನ್ನಾದರೂ ಮಾಡಿ. ನಮ್ಮ ಸಂಘ ಸುವರ್ಣ ಮಹೋತ್ಸವ ಕಾಣಲಿ, ಆ ದಿನ ಇಲ್ಲಿರುವ ಯುವಕರೆಲ್ಲ ಮುದುಕರಾಗಿ, ತಮ್ಮ ಕಾಲ ಮೇಲೆ ತಾವು ನಡೆದುಕೊಂಡು ಈ ಡೈರಿಗೆ ಬರುವಂತಾಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.